ತಾಮ್ರದ ಲೈನು ಹೋಗಿ ಫೈಬರ್ ಬಂದು ಆರು ತಿಂಗಳು: ಆಗುಂಬೆ ಕಡೆಯ ಒಂದು ಮನೆಯ ಅನುಭವ

ಫೈಬರ್ ಹಾಕಿಸಿಕೊಳ್ಳಿ. ಆದರೆ ತಾಮ್ರದ ಲೈನು ಕಡಿಯಲು ಒಪ್ಪುವ ಮೊದಲು, ಕರೆಂಟು ಹೋದಾಗ, ಫೈಬರಿನ ತುದಿಗೆ ಮನೆಯೊಳಗೆ ಕೂರಿಸುವ, ಇಂಟರ್ನೆಟ್ಟನ್ನೂ ಫೋನನ್ನೂ ನಡೆಸುವ ಬಾಕ್ಸು ಯಾವುದರ ಮೇಲೆ ಓಡುತ್ತದೆ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಆ ಕೆಲಸ ತಡವಾಗಿ ಆಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಆಗುಂಬೆ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮೇಲ್ಗಡೆ ಒಂಟಿ ಮನೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಮನೆ ಹಿಂದಿನ ದರೆ ಹತ್ತಿ ನೀರಿನ ಟ್ಯಾಂಕಿನ ಹತ್ತಿರ ನಿಲ್ಲಬೇಕು. ನಾನು ಮನೆಯಲ್ಲೇ ಕೂತು ತೀರ್ಥಹಳ್ಳಿ, ಕೊಪ್ಪದ ಹದಿನಾಲ್ಕು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ತಿಂಗಳ 11ಕ್ಕೆ ಒಂದು ರಿಟರ್ನು, 20ಕ್ಕೆ ಇನ್ನೊಂದು. ಅತ್ತೆಗೆ 81 ವರ್ಷ, ಮಳೆಗಾಲ ಬಂತೆಂದರೆ ಉಬ್ಬಸ.

ಮಾವ 1996ರಲ್ಲಿ ಹಾಕಿಸಿದ ಲೈನು ಅದು. ಎಕ್ಸ್‌ಚೇಂಜು ನಾಲ್ಕೂವರೆ ಕಿಲೋಮೀಟರ್ ದೂರ. ತಾಮ್ರದಲ್ಲಿ ದೂರ ಹೆಚ್ಚಿದಷ್ಟೂ ಸಿಗ್ನಲ್ ಸೋರುತ್ತದೆ. ತಾಮ್ರದ ಫೋನ್ ಲೈನಿನಲ್ಲೇ ಇಂಟರ್ನೆಟ್ ತರುವ ಎಡಿಎಸ್‌ಎಲ್ 2 ಪ್ಲಸ್‌ಗೆ ಕಾಗದದ ಮೇಲೆ 24 ಎಂಬಿಪಿಎಸ್ ಇದ್ದರೂ ನಮಗೆ ಸಿಗುತ್ತಿದ್ದದ್ದು ಒಂದೂವರೆ. ಬ್ರಾಡ್‌ಬ್ಯಾಂಡ್ ಅಂತ ಕರೆಯಬೇಕಾದರೆ ಕನಿಷ್ಠ 2 ಎಂಬಿಪಿಎಸ್ ಇರಬೇಕೆಂದು 2023ರಲ್ಲಿ ನಮ್ಮ ಸರ್ಕಾರವೇ ಹೇಳಿತು, ಆ ಲೆಕ್ಕದಲ್ಲಿ ನಮ್ಮದು ಬ್ರಾಡ್‌ಬ್ಯಾಂಡೇ ಅಲ್ಲ. ಮಳೆ ಹಿಡಿಯಿತೆಂದರೆ ಜಾಯಿಂಟುಗಳೆಲ್ಲ ನೀರು ಕುಡಿದು ಫೋನಿನಲ್ಲಿ ಗೊರಗೊರ ಸದ್ದು. ಸಿಡಿಲಿಗೆ ಮೂರು ಮೋಡೆಮ್ ಸುಟ್ಟಿವೆ. ಗುಡುಗು ಕೇಳಿದ ಕೂಡಲೇ ಒಲೆ ಮೇಲಿದ್ದದ್ದನ್ನು ಬಿಟ್ಟು ಓಡಿ ವಯರು ಕಿತ್ತಿಡುವುದು ನಮ್ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು.

ಹಾಗಿದ್ದರೂ ಏಪ್ರಿಲ್‌ನಲ್ಲಿ ಫೋನ್ ಕಂಪನಿಯಿಂದ ಫೈಬರಿಗೆ ಬದಲಾಯಿಸಿ ಅಂತ ಕರೆ ಬರಲು ಶುರುವಾದಾಗ ನನಗೆ ಹಿಡಿಸಲಿಲ್ಲ. ದಿನಕ್ಕೊಂದು, ಕೆಲವು ದಿನ ಎರಡು ಕರೆ. 'ಮೇಡಂ, ಈ ತಿಂಗಳು ಬದಲಾಯಿಸದಿದ್ದರೆ ನಿಮ್ಮ ನಂಬರೇ ಹೋಗುತ್ತೆ' ಅಂದರು. ತೀರ್ಥಹಳ್ಳಿಗೆ ಹೋಗಿ ಕಚೇರಿಯಲ್ಲಿ ಕೇಳಿದರೆ ಹಾಗೇನಿಲ್ಲ, ಅರ್ಜಿಯಲ್ಲಿ ಬರೆದುಕೊಟ್ಟರೆ ಅದೇ ನಂಬರು ಫೈಬರಿಗೂ ಬರುತ್ತದೆ ಅಂತ ಗೊತ್ತಾಯಿತು. 08181ರ ಮುಂದಿನ ಆ ಆರು ಅಂಕಿ ನಮ್ಮ ನೆಂಟರಿಷ್ಟರಿಗೆಲ್ಲ ಬಾಯಿಪಾಠ. ಹೆದರಿಸಿ ಒಪ್ಪಿಸುವ ಅಗತ್ಯ ಏನಿತ್ತು? ಈ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಮೇ ಕೊನೆಗೆ ಇಬ್ಬರು ಹುಡುಗರು ಬಂದರು. ಕರೆಂಟು ಕಂಬದಿಂದ ಹಲಸಿನ ಮರ, ಅಲ್ಲಿಂದ ಕೊಟ್ಟಿಗೆ ಮಾಡು, ಅಲ್ಲಿಂದ ಜಗಲಿಗೆ ಕಪ್ಪು ಕೇಬಲು ಎಳೆದರು. ಜಾಯಿಂಟ್ ಹಾಕುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಅಂಗಳದಲ್ಲಿ ಅಡಿಕೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಒಬ್ಬ ಹುಡುಗ ಸ್ಪ್ಲೈಸಿಂಗ್ ಮಷೀನು, ಅಂದರೆ ಫೈಬರಿನ ತುದಿಗಳನ್ನು ಬೆಸೆಯುವ ಯಂತ್ರ, ಇಟ್ಟ. ಕೇಬಲಿನ ಸಿಪ್ಪೆ ಸುಲಿದರೆ ಒಳಗೆ ಕೂದಲಿನಂಥ ಗಾಜಿನ ಎಳೆ. ದಪ್ಪ 125 ಮೈಕ್ರಾನ್, ಅದರಲ್ಲೂ ಬೆಳಕು ಹರಿಯುವ ನಡುದಾರಿ ಬರೀ 9 ಮೈಕ್ರಾನ್. ಸ್ಪಿರಿಟಿನಲ್ಲಿ ಒರೆಸಿ, ಟಕ್ ಅಂತ ತುದಿ ಕತ್ತರಿಸಿ, ಎರಡು ತುದಿಯನ್ನೂ ಮಷೀನಿನೊಳಗೆ ಮಲಗಿಸಿದ. ಪರದೆಯ ಮೇಲೆ ಎರಡು ಕೋಲುಗಳು ಎದುರುಬದುರು ಬಂದು ನಿಂತವು, ಒಂದು ಕಿಡಿ, ಒಂದಾದವು. ಜಾಯಿಂಟಿನಲ್ಲಿ ಬೆಳಕಿನ ನಷ್ಟ ಬರೀ 0.02 ಡೆಸಿಬೆಲ್ ಅಂತ ತೋರಿಸಿತು. ಕತ್ತರಿಸಿದ ಗಾಜಿನ ಚೂರನ್ನು ಅವನು ಟೇಪಿಗೆ ಅಂಟಿಸಿ ಮಡಚಿ ಜೇಬಿಗೆ ಹಾಕಿಕೊಂಡ. 'ಅಂಗಳದಲ್ಲಿ ಬರಿಗಾಲಲ್ಲಿ ಓಡಾಡ್ತೀರಲ್ಲ ಅಕ್ಕ, ಚುಚ್ಚಿದ್ರೆ ಕಣ್ಣಿಗೂ ಕಾಣಲ್ಲ' ಅಂದ. ಆ ಹುಡುಗನ ಕೆಲಸಕ್ಕೆ ಪೂರ್ತಿ ಅಂಕ. ಮೀಟರು ಹಿಡಿದು ಬೆಳಕಿನ ಬಲ ಮೈನಸ್ 21 ಡಿಬಿಎಂ ಬರುತ್ತಿದೆ, ಮೈನಸ್ 27ರವರೆಗೂ ತೊಂದರೆಯಿಲ್ಲ ಎಂದು ಹೇಳಿ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೂ ಹೋದ.

ಇಂಟರ್ನೆಟ್ ವಿಷಯಕ್ಕೆ ಎರಡು ಮಾತಿಲ್ಲ. 60 ಎಂಬಿಪಿಎಸ್ ಪ್ಲಾನು, ವಯರು ಹಾಕಿ ನೋಡಿದರೆ 57 ಬರುತ್ತದೆ. ತಿಂಗಳಿಗೆ 499, ತೆರಿಗೆ ಸೇರಿ 589 ರೂಪಾಯಿ. 20ನೇ ತಾರೀಕಿನ ರಾತ್ರಿ ಹನ್ನೊಂದಕ್ಕೆ ಕಾಯುತ್ತ ಕೂರುವ ಕಾಲ ಹೋಯಿತು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಲೈನಿನ ಮೂಲಕ ಸಿಡಿಲು ಒಳಗೆ ಬರುವ ಭಯ ಬಹಳ ಕಡಿಮೆ. ಅಡಾಪ್ಟರನ್ನು ಮಾತ್ರ ಈಗಲೂ ಕೀಳುತ್ತೇವೆ. ಹಳೇ ಮಣ್ಣಿನ ಗೋಡೆ ದಾಟಿ ವೈಫೈ ಅಡುಗೆಮನೆಗೆ ಬರುವುದಿಲ್ಲ, ಮಾಳಿಗೆಗೆ ನಾನೇ ಒಂದು ಲ್ಯಾನ್ ಕೇಬಲು ಎಳೆಸಿದೆ.

ಆಮೇಲೆ ಜುಲೈ. ಗಾಳಿಮಳೆಗೆ ಕಂಬಗಳು ಬಿದ್ದು ಮೂರು ದಿನ ಕರೆಂಟಿಲ್ಲ. ಇನ್ವರ್ಟರು ಮೊದಲ ರಾತ್ರಿಯೇ ಖಾಲಿ. ಎರಡನೇ ರಾತ್ರಿ ಎರಡು ಗಂಟೆಗೆ ಅತ್ತೆಗೆ ಉಸಿರು ಹಿಡಿಯಿತು. ನಾನು ಅಭ್ಯಾಸಬಲದಿಂದ ಜಗಲಿಗೆ ಹೋಗಿ ಫೋನೆತ್ತಿದೆ. ಸದ್ದಿಲ್ಲ. ಹಳೇ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಂತಿಯಲ್ಲಿ ಬರುತ್ತಿತ್ತು, ಮನೆ ಕತ್ತಲಾದರೂ ಫೋನು ಜೀವಂತ. ಗಾಜು ಬೆಳಕನ್ನಷ್ಟೇ ತರುತ್ತದೆ, ಫೋನಿಗೆ ಬೇಕಾದ ಕರೆಂಟನ್ನು ನಮ್ಮ ಮನೆಯೇ ಕೊಡಬೇಕು. ಇದನ್ನು ಅಷ್ಟೊಂದು ಸಲ ಕರೆ ಮಾಡಿದವರಲ್ಲಿ ಒಬ್ಬರೂ ಹೇಳಿರಲಿಲ್ಲ. ಯಜಮಾನರು ಕಂಬಳಿಕೊಪ್ಪೆ ಹೊದ್ದು, ಟಾರ್ಚು ಹಿಡಿದು, ಜಾರುವ ದರೆ ಹತ್ತಿ ಟ್ಯಾಂಕಿನ ಹತ್ತಿರದಿಂದ ಕಾರಿನವನಿಗೆ ಫೋನು ಮಾಡಿದರು. ನಾನು ಅತ್ತೆಯ ಬೆನ್ನು ನೀವುತ್ತ ಕೂತಿದ್ದೆ. ಆ ನಲವತ್ತು ನಿಮಿಷ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಬೆಳಗಿನ ಹೊತ್ತಿಗೆ ಆಸ್ಪತ್ರೆಯಲ್ಲಿ ಅವರು ಸುಧಾರಿಸಿಕೊಂಡರು.

ಇಂಗ್ಲೆಂಡಿನಲ್ಲಿರುವ ನಾದಿನಿಗೆ ಇದನ್ನು ಹೇಳಿದಾಗ ಅಲ್ಲೂ ಇದೇ ಗಲಾಟೆ ನಡೆದಿದೆ ಅಂದಳು. ಬ್ರಿಟನ್ನಿನಲ್ಲಿ ಹಳೇ ಫೋನ್ ಜಾಲವನ್ನು 2025ರ ಡಿಸೆಂಬರಿಗೆ ಮುಚ್ಚಬೇಕೆಂದಿದ್ದದ್ದನ್ನು 2027ರ ಜನವರಿಗೆ ಮುಂದೂಡಿದರು. ಒಂಟಿಯಾಗಿರುವ ವಯಸ್ಸಾದವರು ಆಪತ್ತಿನಲ್ಲಿ ಒತ್ತುವ ಅಲಾರಂಗಳು ಆ ಲೈನನ್ನೇ ನಂಬಿಕೊಂಡಿದ್ದದ್ದು ಅದಕ್ಕೊಂದು ಮುಖ್ಯ ಕಾರಣ. ಲ್ಯಾಂಡ್‌ಲೈನನ್ನೇ ನೆಚ್ಚಿಕೊಂಡವರಿಗೆ ಕರೆಂಟು ಹೋದಾಗ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಲು ಆಗುವಂಥ ವ್ಯವಸ್ಥೆಯನ್ನು ಕಂಪನಿ ಪುಕ್ಕಟೆಯಾಗಿ ಮಾಡಿಕೊಡಬೇಕು ಎಂದು ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಹೇಳಿದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಒಂದು ಗಂಟೆ ಯಾವುದಕ್ಕೂ ಸಾಲದು. ಆದರೂ ಕೇಳುವುದಕ್ಕೆ ಒಂದು ಆಧಾರವಾದರೂ ಅಲ್ಲಿನವರಿಗಿದೆ.

ನಾವು ಮಾಡಿಕೊಂಡದ್ದು ಇಷ್ಟು. ಮೊದಲು 1,400 ರೂಪಾಯಿಯ ಮಿನಿ ಯುಪಿಎಸ್ ತಂದೆವು, ನಾಲ್ಕು ಗಂಟೆ ಬರುತ್ತದೆ. ಆಮೇಲೆ ತೀರ್ಥಹಳ್ಳಿಯ ಸೋಲಾರ್ ಅಂಗಡಿಯವರು ಬಂದು, ಮನೆಯಲ್ಲಿದ್ದ ಸೋಲಾರ್ ದೀಪದ 12 ವೋಲ್ಟ್, 40 ಎಎಚ್ ಬ್ಯಾಟರಿಯಿಂದ ಒಂದು ಸಣ್ಣ ಕನ್ವರ್ಟರು ಹಾಕಿ ಬಾಕ್ಸಿಗೆ ಲೈನು ಕೊಟ್ಟರು. 650 ರೂಪಾಯಿ. ಬಾಕ್ಸು ತಿನ್ನುವುದು ಸುಮಾರು 10 ವ್ಯಾಟು, ದೀಪ ಒಂದೆರಡೇ ಉರಿಸಿದರೆ ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ಎಕ್ಸ್‌ಚೇಂಜಿನಿಂದ ಮನೆತನಕ ನಡುವೆ ಎಲ್ಲೂ ಕರೆಂಟು ಬೇಕಾಗಿಲ್ಲ ಅನ್ನುವುದು ಫೈಬರಿನ ಒಳ್ಳೇ ಗುಣ. ಆ ತುದಿಯಲ್ಲಿ ಜನರೇಟರು, ಈ ತುದಿಯಲ್ಲಿ ಬ್ಯಾಟರಿ ಇದ್ದರೆ ಸಾಕು.

ಆಗಸ್ಟಿನಲ್ಲಿ ಹಲಸಿನ ಕೊಂಬೆ ಬಿದ್ದು ಕೇಬಲು ತುಂಡಾಯಿತು. ಎಲ್‌ಒಎಸ್ ಎಂಬಲ್ಲಿ ಕೆಂಪು ದೀಪ, ಅಂದರೆ ಬಾಕ್ಸಿಗೆ ಬೆಳಕು ಬರುತ್ತಿಲ್ಲ. ತಾಮ್ರವಾಗಿದ್ದರೆ ಲೈನ್‌ಮನ್ ಬಂದು ಇಕ್ಕಳದಲ್ಲಿ ಸುಲಿದು ತಿರುಪಿ ಟೇಪು ಸುತ್ತಿ ಹೋಗುತ್ತಿದ್ದರು. ಇದಕ್ಕೆ ಮಷೀನೇ ಬೇಕು, ಮಷೀನು ಇನ್ನೊಂದೂರಿನಲ್ಲಿತ್ತು, ನಾಲ್ಕು ದಿನ ಕಾದೆವು. ಈಗ ಕೇಬಲನ್ನು ಹಲಸಿನ ಮರದಿಂದ ಬಿಡಿಸಿ ಕಂಬಕ್ಕೆ ಕಟ್ಟಿಸಿದ್ದೇವೆ.

ಈ ವಾರದಿಂದ ಕೆಳಮನೆಯ ಅಕ್ಕನಿಗೆ ಕರೆ ಬರಲು ಶುರುವಾಗಿದೆ. ಅವರ ಮನೆಯಲ್ಲಿ ಸೋಲಾರ್ ಇಲ್ಲ, ಇರುವವರು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಬಾಕ್ಸಿಗೆ ಬ್ಯಾಟರಿ ಕೊಡುವತನಕ ತಾಮ್ರದ ಲೈನು ಕಡಿಯಬಾರದು, ನಂಬರು ಅದೇ ಇರಬೇಕು ಎಂದು ಅರ್ಜಿ ಬರೆದುಕೊಟ್ಟೆ. ಮೊನ್ನೆ ಗುರುವಾರ ಅಕ್ಕ ತಾವೇ ಬಸ್ಸಿನಲ್ಲಿ ಹೋಗಿ ಕೊಟ್ಟು, ನಕಲಿನ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದಾರೆ.