ದುರ್ಗಿಗುಡಿ ಶೇರು ಆಫೀಸಿನಲ್ಲಿ ಎರಡು ವರ್ಷ

ಹೆಸರು ಬೇಡ. ಶಿವಮೊಗ್ಗದ ದುರ್ಗಿಗುಡಿ ಕಡೆ ಮಹಡಿ ಮೇಲಿರುವ ಒಂದು ಬ್ರೋಕರ್ ಆಫೀಸು. ಮೊಬೈಲಲ್ಲೇ ಎಲ್ಲ ಆಗುವಾಗ ಅಲ್ಲಿಗೆ ಯಾಕೆ ಹೋದೆ ಅಂದ್ರೆ, ತೀರಿಹೋದ ಅಪ್ಪನ ಹಳೇ ಕಾಗದದ ಶೇರುಗಳನ್ನು ನನ್ನ ಹೆಸರಿಗೆ ಮಾಡಿಸಿ ಡಿಮ್ಯಾಟ್‌ಗೆ (ಶೇರು ಇಡುವ ಕಂಪ್ಯೂಟರ್ ಖಾತೆಗೆ) ಹಾಕಿಸಬೇಕಿತ್ತು. ಆ ಕೆಲಸ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಮೂರು ಸಲ ಸಹಿ ತಪ್ಪಾಗಿ ಫಾರಂ ವಾಪಸ್ ಬಂತು, ಕೌಂಟರಿನ ಹುಡುಗಿ ಒಂದು ಸಲವೂ ಸಿಡುಕಲಿಲ್ಲ.

ಬ್ರೋಕರೇಜ್ ಮಾತ್ರ ಜಾಸ್ತಿ. ಕೊಂಡರೂ ಮಾರಿದರೂ ನೂರಕ್ಕೆ 50 ಪೈಸೆ. ಮೇಲೆ ಜಿಎಸ್‌ಟಿ, ಎಸ್‌ಟಿಟಿ ಅನ್ನುವ ಶೇರು ವಹಿವಾಟಿನ ತೆರಿಗೆ. ಮಾರಿದ ದಿನ ಡಿಮ್ಯಾಟ್‌ನಿಂದ ಶೇರು ತೆಗೆಯುವುದಕ್ಕೆ ಡಿಪಿ ಚಾರ್ಜ್ ಬೇರೆ, ಅದು ಹತ್ತು ಶೇರಿಗೂ ಅಷ್ಟೇ ಹತ್ತು ಸಾವಿರಕ್ಕೂ ಅಷ್ಟೇ, ಹಾಗಾಗಿ ಐನೂರು ರೂಪಾಯಿ ಮಾಲು ಮಾರಿ ಲಾಭ ಆಯ್ತು ಅಂದ್ಕೊಂಡವರು ಆಮೇಲೆ ಲೆಡ್ಜರ್ ನೋಡಿ ಸುಮ್ಮನಾಗುತ್ತಾರೆ.

ಇನ್ನು ಬೆಂಚಿನ ವಿಷಯ. ಟಿವಿ ಎದುರಿಗೊಂದು ಉದ್ದ ಬೆಂಚಿದೆ. ಬೆಳಿಗ್ಗೆ 9:15ಕ್ಕೆ ಪೇಟೆ ತೆರೆಯುವಾಗ ಏಳೆಂಟು ಜನ ಹಾಜರ್. ರಿಟೈರ್ಡ್ ಮೇಷ್ಟ್ರು, ತೀರ್ಥಹಳ್ಳಿ ಕಡೆಯ ಅಡಿಕೆಯವರು, ಮಳೆಗಾಲವಾದರೆ ಮೆಟ್ಟಿಲ ತುಂಬ ನೀರು ಸೋರುವ ಕೊಡೆಗಳು. ಎಲ್ಲರ ಕಣ್ಣೂ ಹತ್ತು ರೂಪಾಯಿ ಒಳಗಿನ ಶೇರಿನ ಮೇಲೆ. ರಾಶಿ ಅಡಿಕೆ ಬೆಲೆ ಯಾಕೆ ಏರಿಳಿಯಿತು ಅಂತ ಕೇಳಿದರೆ ಕೊಳೆರೋಗ, ಆಮದು ಅಂತ ಲೆಕ್ಕ ಬಿಡಿಸಿ ಹೇಳುವವರು, ಶೇರು ಏರಿದರೆ ಮಾತ್ರ ಒಂದೇ ಮಾತು: 'ಆಪರೇಟರ್ ಒಳಗೆ ಬಂದಿದ್ದಾನೆ ಮಾರಾಯ್ರೆ.' ಅಂದ್ರೆ ಗುಟ್ಟಾಗಿ ಬೆಲೆ ಆಡಿಸುವವನು.

ವೊಡಾಫೋನ್ ಐಡಿಯಾ ಕಥೆ ಕೇಳಿ. 2025ರ ಮಾರ್ಚ್ ಕೊನೆಗೆ ಸುದ್ದಿ ಬಂತು, ಸರ್ಕಾರ ಆ ಕಂಪನಿ ತನಗೆ ಕೊಡಬೇಕಾದ ಸ್ಪೆಕ್ಟ್ರಮ್ (ಮೊಬೈಲ್ ತರಂಗ) ಬಾಕಿಯಲ್ಲಿ 36,950 ಕೋಟಿಗೆ ದುಡ್ಡಿನ ಬದಲು ಶೇರು ತಗೊಳ್ಳುತ್ತದೆ, ಒಂದಕ್ಕೆ 10 ರೂಪಾಯಿಯಂತೆ. ಪೇಟೆಯಲ್ಲಿ ಆಗ ಏಳರ ಆಸುಪಾಸು. 'ಸರ್ಕಾರಕ್ಕೇನು ತಲೆ ಕೆಟ್ಟಿದೆಯಾ, ಹತ್ತಕ್ಕೆ ಹೋಗೇ ಹೋಗುತ್ತೆ' ಅಂತ ಬೆಂಚು ತೀರ್ಪು ಕೊಟ್ಟಿತು. ಆ ಶೇರಿನ ಮುಖಬೆಲೆಯೇ (ಕಂಪನಿ ಇಟ್ಟ ಮೂಲ ಬೆಲೆ) 10, ಅದಕ್ಕಿಂತ ಕಮ್ಮಿಗೆ ಹೊಸ ಶೇರು ಕೊಡಲು ಕಂಪನಿ ಕಾನೂನು ಬಿಡುವುದಿಲ್ಲ, ಹತ್ತರ ಗುಟ್ಟು ಇಷ್ಟೇ. ಹೊಸದಾಗಿ 3,695 ಕೋಟಿ ಶೇರು ಹುಟ್ಟುತ್ತವೆ, ಹಳಬರ ಪಾಲು ತೆಳ್ಳಗಾಗುತ್ತದೆ ಅನ್ನುವುದು ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ ಬಿಡಿ.

ನಾನು ಸಿಕ್ಕಿಬಿದ್ದದ್ದು ಬೇರೆ ಒಂದರಲ್ಲಿ. ದೊಡ್ಡ ಆರ್ಡರ್ ಸಿಗುತ್ತೆ, ಬೋನಸ್ (ಪುಕ್ಕಟೆ ಶೇರು) ಬರುತ್ತೆ ಅಂತ ಬೆಂಚಿನಲ್ಲಿ ಗುಸುಗುಸು. 6.40ಕ್ಕೆ 2,000 ಶೇರು ಕೊಂಡೆ. ಮಾರನೇ ದಿನದಿಂದ ದಿನಕ್ಕೆ ಐದು ಪರ್ಸೆಂಟ್ ಲೋವರ್ ಸರ್ಕ್ಯೂಟ್, ಅಂದ್ರೆ ಆ ದಿನ ಅದಕ್ಕಿಂತ ಕೆಳಗೆ ಬೀಳುವಂತಿಲ್ಲ ಅನ್ನುವ ಮಿತಿ. 6.08, 5.78, 5.50. ಪರದೆಯಲ್ಲಿ ಮಾರುವವರ ಕಡೆ ಲಕ್ಷಗಟ್ಟಲೆ, ಕೊಳ್ಳುವವರ ಕಡೆ ಸೊನ್ನೆ. ಬೆಳಿಗ್ಗೆ ಒಂಬತ್ತಕ್ಕೇ ಆರ್ಡರ್ ಹಾಕಿಸಿದರೂ ಸಂಜೆ ಹಾಗೇ ಬಿದ್ದಿರುತ್ತಿತ್ತು. ಆರನೇ ದಿನ 4.73ಕ್ಕೆ ಹೋಯಿತು. ಖರ್ಚು ಬಿಟ್ಟೇ 3,340 ರೂಪಾಯಿ ಕೈಬಿಟ್ಟಿತು.

ನನ್ನ ತಕರಾರು ಇಲ್ಲಿದೆ. ಅಷ್ಟೆಲ್ಲ ಆದ ಮೇಲೆ ಆಫೀಸಿನಲ್ಲಿ ಆರ್ಡರ್ ಹಾಕುವ ಡೀಲರ್ ಬಿಎಸ್‌ಇ (ಮುಂಬೈ ಶೇರು ಪೇಟೆ) ವೆಬ್‌ಸೈಟ್ ತೆಗೆದು, ಕಂಪನಿ ಮೂರು ತಿಂಗಳಿಗೊಮ್ಮೆ ಕೊಡುವ ಶೇರುದಾರರ ಪಟ್ಟಿ ತೋರಿಸಿದ. ಪ್ರಮೋಟರ್ (ಕಂಪನಿ ನಡೆಸುವ ಮಾಲೀಕರು) ಶೇರಿನಲ್ಲಿ ಮುಕ್ಕಾಲು ಪಾಲು ಸಾಲಕ್ಕೆ ಅಡ ಇತ್ತು, ಸಾಲ ಕೊಟ್ಟವರು ಅದನ್ನು ಮಾರಿಬಿಡುವ ಭಯ ಇದ್ದೇ ಇತ್ತು. ತೆಗೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. 'ಮೊದಲೇ ತೋರಿಸಬಹುದಿತ್ತಲ್ವಾ?' ಅಂದೆ. 'ನೀವು ಕೇಳಲಿಲ್ಲ ಸಾರ್' ಅಂದ. ಅದೂ ನಿಜವೇ, ಆದರೂ 50 ಪೈಸೆ ತಗೊಳ್ಳುವವರು ಒಂದು ಮಾತು ಹೇಳಬೇಕಪ್ಪಾ.

ಖಾತೆ ಮುಚ್ಚಿಲ್ಲ. ಅಪ್ಪನ ಶೇರು ಅಲ್ಲೇ ಇವೆ. ಹಳೇ ಕಾಗದ, ನಾಮಿನಿ, ಹೆಸರು ತಿದ್ದುಪಡಿ ಇಂಥ ಕೆಲಸ ಇದ್ದರೆ ಧೈರ್ಯವಾಗಿ ಹೋಗಿ. ಕೊಂಡು ಮಾರುವುದಕ್ಕಾದರೆ ಮೊಬೈಲೇ ಅಗ್ಗ. ಲಿಫ್ಟ್ ಇಲ್ಲ, ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ಮಧ್ಯಾಹ್ನ 3:30 ದಾಟಿ ಪೇಟೆ ಮುಚ್ಚಿದ ಮೇಲೆ ಹೋಗಿ, ಬೆಂಚು ಖಾಲಿ ಇರುತ್ತದೆ.