ಫಿನಾಸ್ಟರೈಡ್ ಮಾತ್ರೆ: ಒಂದೂವರೆ ವರ್ಷದ ಬಳಕೆಯ ನಂತರ

ನೆತ್ತಿಯ ಕೂದಲು ತೆಳುವಾಗುತ್ತಾ ಬಂದಾಗ ಚರ್ಮರೋಗ ತಜ್ಞರು ಬರೆದುಕೊಟ್ಟ 1 ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆಯನ್ನು ಒಂದೂವರೆ ವರ್ಷದಿಂದ ದಿನಕ್ಕೊಂದರಂತೆ ತೆಗೆದುಕೊಳ್ಳುತ್ತಿದ್ದೇನೆ. ಟೆಸ್ಟೋಸ್ಟೆರಾನ್ ಹಾರ್ಮೋನು ಡೈಹೈಡ್ರೋಟೆಸ್ಟೋಸ್ಟೆರಾನ್ ಆಗಿ ಮಾರ್ಪಡುವುದನ್ನು ತಗ್ಗಿಸಿ, ಕೂದಲಿನ ಬುಡ ಸೊರಗದಂತೆ ನೋಡಿಕೊಳ್ಳುವುದು ಇದರ ಕೆಲಸ. ಪುರುಷರ ಬೋಳುತಲೆಯ ಚಿಕಿತ್ಸೆಗೆ ಅಮೆರಿಕದಲ್ಲಿ 1997ರಲ್ಲೇ ಇದಕ್ಕೆ ಅನುಮತಿ ದೊರೆತಿತ್ತು. ಮೊದಲ ನಾಲ್ಕು ತಿಂಗಳು ಏನೂ ಕಾಣಲಿಲ್ಲ. ಆಮೇಲೆ ಬಚ್ಚಲಿನ ಜಾಲರಿಯಲ್ಲಿ ಮುದ್ದೆಯಾಗಿ ಸಿಗುತ್ತಿದ್ದ ಕೂದಲು ನಾಲ್ಕಾರು ಎಳೆಗಳಿಗೆ ಇಳಿಯಿತು, ವರ್ಷ ತುಂಬುವ ಹೊತ್ತಿಗೆ ನೆತ್ತಿ ಬಹುಮಟ್ಟಿಗೆ ಮುಚ್ಚಿಕೊಂಡಿತು. ಆದರೆ ಹಣೆಯ ಎರಡೂ ಬದಿಯಲ್ಲಿ ಹೋದ ಕೂದಲು ಮರಳಲಿಲ್ಲ. ಉದುರುವುದನ್ನು ತಡೆಯುವಲ್ಲಿ ಈ ಔಷಧಿ ನಿಜಕ್ಕೂ ಸಮರ್ಥ, ಹೊಸದಾಗಿ ಬೆಳೆಸುವಲ್ಲಿ ಅಷ್ಟಲ್ಲ ಎಂಬುದು ನನ್ನ ಅಭಿಪ್ರಾಯ. ನಿಲ್ಲಿಸಿದರೆ ಸುಮಾರು ಒಂದು ವರ್ಷದೊಳಗೆ ಗಳಿಸಿದ್ದೆಲ್ಲ ಕೈಬಿಟ್ಟು ಹೋಗುತ್ತದೆ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದೂ ಖಿನ್ನತೆ ಕಾಣಿಸಿಕೊಳ್ಳುವುದೂ ಉಂಟು, ನನಗೆ ಹಾಗಾಗಲಿಲ್ಲ. ಪ್ರಾಸ್ಟೇಟ್ ಗ್ರಂಥಿಯ ತಪಾಸಣೆಗಾಗಿ ರಕ್ತದಲ್ಲಿ ಅಳೆಯುವ ಪ್ರೋಟೀನಾದ ಪಿಎಸ್‌ಎ ಪ್ರಮಾಣವನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂಬ ಮುಖ್ಯ ಸಂಗತಿಯನ್ನು ಮಾತ್ರ ನನಗೆ ಯಾರೂ ಹೇಳಲಿಲ್ಲ, ಪೊಟ್ಟಣದೊಳಗಿನ ಚೀಟಿ ಓದಿಯೇ ತಿಳಿದುಕೊಂಡೆ. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಲೂಬಾರದಾದ್ದರಿಂದ ನಮ್ಮ ಮನೆಯಲ್ಲಿ ಅದನ್ನು ಬೇರೆಯೇ ಡಬ್ಬಿಯಲ್ಲಿ, ಬೀರುವಿನ ಮೇಲಿನ ಅರೆಯಲ್ಲಿ ಇಡುತ್ತೇನೆ.