ರೂಟರಿನ ಬೆನ್ನಿಗೆ ಹಾರ್ಡ್ ಡಿಸ್ಕ್: ವೈಫೈ ಬ್ಯಾಕಪ್ ಬಳಸಿ ನೋಡಿದ್ದು

ಅನೇಕ ರೂಟರುಗಳ ಹಿಂಬದಿಯಲ್ಲಿ ಒಂದು ಯುಎಸ್‌ಬಿ ಪೋರ್ಟ್ ಇರುತ್ತದೆ. ಬಹಳಷ್ಟು ಮನೆಗಳಲ್ಲಿ ದೂಳು ತುಂಬಿಸಿಕೊಳ್ಳುವುದನ್ನು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ 2 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಮಹಡಿ ಮೇಲಿನ ಕಂಪ್ಯೂಟರಿನ ಕಡತಗಳನ್ನು ವೈಫೈ ಮೂಲಕವೇ ಬ್ಯಾಕಪ್ ಮಾಡತೊಡಗಿ ಮೂರ್ನಾಲ್ಕು ವರ್ಷಗಳಾದವು. ದಿನನಿತ್ಯದ ಬ್ಯಾಕಪ್‌ಗೆ ಇದು ಒಳ್ಳೆಯ ಏರ್ಪಾಡು. ಆದರೆ ಇದೊಂದನ್ನೇ ನಂಬಿ ಕೂರುವಂತಿಲ್ಲ.

ಕೆಲಸ ಮಾಡುವುದು 2012ರಲ್ಲಿ ವಿಂಡೋಸ್ 8ರ ಜೊತೆ ಬಂದ ಫೈಲ್ ಹಿಸ್ಟರಿ. ವಿಂಡೋಸ್ 11ರಲ್ಲಿ ಅದು ಕಂಟ್ರೋಲ್ ಪ್ಯಾನೆಲ್‌ನ ಮೂಲೆಯಲ್ಲಿದೆ, ಹುಡುಕಿಕೊಂಡು ಹೋಗಬೇಕು. ಒಮ್ಮೆ ಡಿಸ್ಕಿನ ದಾರಿ ತೋರಿಸಿದರೆ ಗಂಟೆಗೊಮ್ಮೆ ಬದಲಾದ ಕಡತಗಳನ್ನಷ್ಟೇ ನಕಲು ಮಾಡುತ್ತದೆ. ಪೂರ್ತಿ ವಿಂಡೋಸ್ ಅನ್ನು ಉಳಿಸಿಡುವುದಿಲ್ಲ, ನಮ್ಮ ಕಡತಗಳನ್ನು ಮಾತ್ರ. ಕೇಬಲ್ ಸಿಕ್ಕಿಸುವ ಸೋಮಾರಿತನದಿಂದ ತಿಂಗಳುಗಟ್ಟಲೆ ಬ್ಯಾಕಪ್ ಮಾಡದಿರುವ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ.

ಮೊದಲ ಪ್ರತಿಯನ್ನು ಮಾತ್ರ ವೈಫೈಗೆ ಬಿಡಬೇಡಿ. ಎರಡು ಗೋಡೆ ದಾಟಿ ಬರುವ ಸಿಗ್ನಲ್‌ನಲ್ಲಿ ನನಗೆ ಸಿಗುವುದು ಸೆಕೆಂಡಿಗೆ 10 ಎಂಬಿಯಷ್ಟು. 400 ಜಿಬಿ ಸಾಗಿಸಲು ಆ ವೇಗದಲ್ಲಿ ಹನ್ನೊಂದು ಗಂಟೆ ಬೇಕು. ಕಂಪ್ಯೂಟರನ್ನು ಅಂದಿನ ಮಟ್ಟಿಗೆ ರೂಟರಿನ ಪಕ್ಕಕ್ಕೆ ತಂದು ಲ್ಯಾನ್ ಕೇಬಲ್ ಹಾಕಿದರೆ ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಗಂಟೆಗೊಮ್ಮೆ ಹೋಗುವುದು ಚಿಲ್ಲರೆ ಬಾಬತ್ತು, ವೈಫೈ ಧಾರಾಳ ಸಾಕು.

ಈ ಏರ್ಪಾಡಿನ ನಿಜವಾದ ಶತ್ರು ವೇಗವಲ್ಲ, ಕರೆಂಟು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಎನ್‌ಟಿಎಫ್‌ಎಸ್ (ವಿಂಡೋಸ್‌ನದೇ ಕಡತ ವ್ಯವಸ್ಥೆ) ಡಿಸ್ಕಿನಲ್ಲಿ ಕೆಲಸ ಅರ್ಧಕ್ಕೆ ನಿಂತ ಗುರುತು ಉಳಿಯುತ್ತದೆ. ಮತ್ತೆ ಚಾಲೂ ಆದಾಗ ನನ್ನ ರೂಟರ್ ಆ ಗುರುತನ್ನು ಕಂಡು ಡಿಸ್ಕನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಹಸಿರು ದೀಪ ಮಿನುಗುತ್ತಲೇ ಇರುತ್ತದೆ, ಫೋಲ್ಡರ್ ತೆರೆಯುತ್ತದೆ, ಬ್ಯಾಕಪ್ ಮಾತ್ರ ಆಗಿರುವುದಿಲ್ಲ. ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಹಾಕಿ ದೋಷ ತಪಾಸಣೆ ಮಾಡಿಸಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಇದು ಮತ್ತೆ ಮತ್ತೆ ಆಗಿ ಬೇಸತ್ತು ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿಸಿದೆ. ಆಮೇಲೆ ಆ ಕಾಟ ತಪ್ಪಿತು.

ಇನ್ನೊಂದು ಕಾಟ ಅಡುಗೆಮನೆಯಿಂದ ಬಂತು. ಡಿಸ್ಕ್ ಹಾಕಿದ ಮೇಲೆ ಅಮ್ಮನ ಹಳೆಯ ಮೊಬೈಲಿಗೆ ವೈಫೈ ಸರಿಯಾಗಿ ಸಿಗುತ್ತಿರಲಿಲ್ಲ. ಯುಎಸ್‌ಬಿ 3.0 ಸಂಪರ್ಕಗಳು ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ 2012ರಲ್ಲೇ ಬರೆದಿದೆ, ಆ ಮೊಬೈಲಿಗೋ ಗೊತ್ತಿರುವುದು ಅದೊಂದೇ ಪಟ್ಟಿ. ಒಳ್ಳೆಯ ಉದ್ದನೆಯ ಕೇಬಲ್ ತಂದು ಡಿಸ್ಕನ್ನು ಆ್ಯಂಟೆನಾಗಳಿಂದ ದೂರವಿಟ್ಟ ಮೇಲೆ ಅಮ್ಮನ ದೂರು ನಿಂತಿತು.

ಕನ್ನಡದಲ್ಲಿ ಕಡತಗಳಿಗೆ ಉದ್ದುದ್ದ ಹೆಸರಿಡುವವರಿಗೆ ಒಂದು ಮಾತು. ಕರೆಂಟಿನ ಕಾಟಕ್ಕೆ ಹೆದರಿ ಡಿಸ್ಕನ್ನು ಲಿನಕ್ಸ್‌ನ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ ಎಂಬ ಸಲಹೆ ಸಿಗುತ್ತದೆ. ಅದರಲ್ಲಿ ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ ಮೂರು ಬೇಕು. ‘ಕ್ಷ’ ಎಂಬ ಒಂದೇ ಒತ್ತಕ್ಷರ ಒಂಬತ್ತು ಬೈಟ್ ನುಂಗುತ್ತದೆ. ಸಾಲದ್ದಕ್ಕೆ ಫೈಲ್ ಹಿಸ್ಟರಿ ಪ್ರತಿ ಹೆಸರಿನ ಬಾಲಕ್ಕೂ ದಿನಾಂಕ, ಸಮಯ ಅಂಟಿಸುತ್ತದೆ. ಮದುವೆಯ ಆಲ್ಬಮ್ಮಿಗೆ ವಧೂವರರ ಹೆಸರು, ಊರು, ಛತ್ರ ಎಲ್ಲವನ್ನೂ ಸೇರಿಸಿದರೆ ಮಿತಿ ದಾಟಿಯೇ ಹೋಗುತ್ತದೆ. ನಾನು ಎನ್‌ಟಿಎಫ್‌ಎಸ್‌ನಲ್ಲೇ ಉಳಿದೆ.

ಹಾಗೆ ಉಳಿದದ್ದರ ಲಾಭ ಕಳೆದ ವರ್ಷ ಕಂಡಿತು. ಕಂಪ್ಯೂಟರಿನ ಎಸ್‌ಎಸ್‌ಡಿ ಹೇಳದೆ ಕೇಳದೆ ಕೈಕೊಟ್ಟಿತು. ಹೊಸದನ್ನು ಹಾಕಿ, ವಿಂಡೋಸ್ ಸ್ಥಾಪಿಸಿ, ಡಿಸ್ಕನ್ನು ರೂಟರಿನಿಂದ ಬಿಚ್ಚಿ ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿದೆ. ಕಡತಗಳೆಲ್ಲ ಮಾಮೂಲಿ ಫೋಲ್ಡರುಗಳಲ್ಲೇ ಇದ್ದವು, ಬಿಡಿಸಲು ಬೇರೆ ತಂತ್ರಾಂಶ ಬೇಕಾಗಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಉಳಿಸಿದ ಲೆಕ್ಕಪತ್ರದ ಹೆಸರಿನ ಬಾಲದಲ್ಲಿ ‘05_30’ ಎಂದಿತ್ತು. ಅದು ನಮ್ಮ ಗಡಿಯಾರವಲ್ಲ, ಯುಟಿಸಿ ಎಂಬ ಜಾಗತಿಕ ಸಮಯ. ಐದೂವರೆ ಗಂಟೆ ಕೂಡಿಸಿಕೊಂಡು ಓದಬೇಕು.

ಆದರೂ ಎರಡನೆಯ ಡಿಸ್ಕೊಂದು ಬೀರುವಿನಲ್ಲಿದೆ, ತಿಂಗಳಿಗೊಮ್ಮೆ ಹೊರಗೆ ಬರುತ್ತದೆ. ರೂಟರಿನ ಡಿಸ್ಕ್ ಸದಾ ಜಾಲದಲ್ಲೇ ಇರುವುದರಿಂದ, ಕಂಪ್ಯೂಟರಿಗೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ವೈರಸ್ ತಗುಲಿದರೆ ಅದು ಬ್ಯಾಕಪ್ಪಿಗೂ ಕೈಹಾಕಬಹುದು. ಸಿಡಿಲು ಬಡಿದರಂತೂ ಎರಡೂ ಒಟ್ಟಿಗೆ ಹೋಗಬಹುದು.

ಕೊಳ್ಳುವವರು ಯುಎಸ್‌ಬಿ 3.0 ಪೋರ್ಟ್ ಇದೆಯೇ ಎಂಬುದರ ಜೊತೆಗೆ ರೂಟರ್ ಎಸ್‌ಎಂಬಿಯ (ಜಾಲದಲ್ಲಿ ಕಡತ ಹಂಚುವ ವಿಧಾನ) 2 ಅಥವಾ 3ನೆಯ ಆವೃತ್ತಿಯಲ್ಲಿ ಡಿಸ್ಕನ್ನು ಹಂಚುತ್ತದೆಯೇ ಎಂದು ನೋಡಿ. 2017ರ ಮೇ ತಿಂಗಳ ವನ್ನಾಕ್ರೈ ಎಂಬ ಸುಲಿಗೆ ವೈರಸ್ಸಿನ ದಾಳಿ ಮೊದಲ ಆವೃತ್ತಿಯ ದೋಷ ಹಿಡಿದೇ ಹರಡಿತು. ಅದೇ ವರ್ಷದ ಕೊನೆಯಿಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಆ ಆವೃತ್ತಿಯನ್ನು ಕೈಬಿಡತೊಡಗಿದರು. ಇಂಟರ್‌ನೆಟ್ ಸಂಪರ್ಕದ ಜೊತೆ ನನಗೆ ಪುಕ್ಕಟೆ ಬಂದಿದ್ದ ರೂಟರಿಗೆ ಅದೊಂದೇ ಗೊತ್ತಿದ್ದದ್ದು, ಹಾಗಾಗಿ ಬೇರೆ ಕೊಳ್ಳಬೇಕಾಯಿತು. ಡಬ್ಬಿಯ ಮೇಲೆ ಇದನ್ನು ಬರೆದಿರುವುದಿಲ್ಲ, ಅಂಗಡಿಯಲ್ಲಿ ಕೇಳಿದರೆ ಪೋರ್ಟ್ ತೋರಿಸಿ ಸುಮ್ಮನಾಗುತ್ತಾರೆ. ಆಯಾ ಮಾದರಿಯ ಕೈಪಿಡಿಯನ್ನು ಇಳಿಸಿಕೊಂಡು ನೋಡಿಯೇ ದುಡ್ಡು ಕೊಡಿ.